ಮೂರು ಸಲ ಮುಚ್ಚಿದ ಸಂದು

ದೃಷ್ಟಿ ತೆಗೆಯುವುದು, ಶಕುನ ನೋಡುವುದು, ಇವೆಲ್ಲ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ನಮ್ಮಮ್ಮ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರೆ, ಘಾಟಿಗೆ ಕೆಮ್ಮುತ್ತಲೇ ಜಗಳಕ್ಕೆ ನಿಲ್ಲುವವಳು ನಾನು. ಅಂಥವಳು ಇಂಥ ಕಥೆ ಹೇಳುತ್ತಿದ್ದಾಳಲ್ಲ ಎಂದು ನಿಮಗೆ ನಗು ಬಂದರೆ ನಗಿ, ಬೇಜಾರಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೇ.

ಕೆಲವು ವರ್ಷಗಳ ಹಿಂದೆ ಚಿಕ್ಕಬಳ್ಳಾಪುರದ ಒಂದು ಖಾಸಗಿ ಆಫೀಸಿನಲ್ಲಿ ಗುತ್ತಿಗೆಯ ಮೇಲೆ ಕೆಲಸಕ್ಕಿದ್ದೆ. ಹಳ್ಳಿಗಳ ಹಳೆಯ ನಕ್ಷೆಗಳನ್ನು ಸ್ಕ್ಯಾನ್ ಮಾಡಿ ಕೊಡುತ್ತಿದ್ದರು. ಅದರ ಮೇಲೆ ಒಂದೊಂದೇ ಜಮೀನಿನ ಗೆರೆ ಎಳೆದು, ಸರ್ವೆ ನಂಬರ್ ಹಾಕಿ, ಸೇವ್ ಮಾಡುವುದು ನನ್ನ ಕೆಲಸ. ಒಂದು ಜಮೀನಿಗೂ ಪಕ್ಕದ್ದಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟರೂ ಕಂಪ್ಯೂಟರ್ ಅದನ್ನು ಕೆಂಪಗೆ ತೋರಿಸಿ ಮರ್ಯಾದೆ ತೆಗೆಯುತ್ತದೆ. ನನ್ನ ನಕ್ಷೆಯಲ್ಲಿ ಕೆಂಪು ಕಾಣುವುದೇ ಇಲ್ಲ ಎಂಬ ಜಂಬ ನನಗಿತ್ತು.

ಮೇಲೂರಿನ ಕಡೆಯ ಒಂದು ಹಳ್ಳಿಯ ನಕ್ಷೆ ಮಾಡುವಾಗ ಆ ಜಂಬ ಇಳಿಯಿತು. ಸಂಜೆ ಎಲ್ಲ ಸರಿಯಾಗಿ ಮುಗಿಸಿ ಹೋಗಿದ್ದೆ. ಬೆಳಿಗ್ಗೆ ಬಂದು ನೋಡಿದರೆ ಎರಡು ಜಮೀನುಗಳ ನಡುವೆ ಉದ್ದಕ್ಕೂ ಒಂದು ಸಂದು. ಅದಾದರೂ ನೆಟ್ಟಗಿತ್ತೇ? ಮಧ್ಯದಲ್ಲಿ ಒಂದು ಕಡೆ, ಉಂಡವರ ಹೊಟ್ಟೆಯ ಹಾಗೆ ಉಬ್ಬಿ ಬಾಗಿತ್ತು. ಮುಚ್ಚಿದೆ. ಮರುದಿನ ಮತ್ತೆ ಅದೇ ಜಾಗ, ಅದೇ ಬಾಗು. ಪಕ್ಕದ ಸೀಟಿನ ರಘುವನ್ನು ಹಿಡಿದು ದಬಾಯಿಸಿದೆ.

“ಅಕ್ಕಾ, ನನ್ ಹಳ್ಳೀನೇ ಮುಗ್ದಿಲ್ಲ, ನಿಮ್ದು ಯಾಕ್ ಮುಟ್ಲಿ? ಬೇಕಾದ್ರೆ ನಂದಿಗೆ ಬನ್ನಿ, ದೇವಸ್ಥಾನದಲ್ಲಿ ದೀಪ ಆರಿಸಿ ಆಣೆ ಮಾಡ್ತೀನಿ” ಎಂದ.

ಆಣೆಗೀಣೆ ಬೇಡ, ಕೈ ಸುಮ್ಮನೆ ಇಟ್ಟುಕೋ ಎಂದು ಗದರಿ ಇನ್ನೊಮ್ಮೆ ಮುಚ್ಚಿದೆ. ಅದೂ ಮರುದಿನ ತೆರೆದುಕೊಂಡಿತ್ತು. ಮೂರನೆಯ ಸಲ ಮುಚ್ಚಿ, ಪಾಸ್‌ವರ್ಡನ್ನೂ ಬದಲಾಯಿಸಿದೆ. ಶುಕ್ರವಾರ ಕರಡು ನಕ್ಷೆ ಪ್ರಿಂಟಾಗಿ ಆ ಹಳ್ಳಿಯ ಪಂಚಾಯಿತಿ ಗೋಡೆ ಸೇರಿತು. ಗೆದ್ದೆ ಎಂದುಕೊಂಡು, ಭಾನುವಾರ ಗೌರಿಬಿದನೂರಿಗೆ ತಂಗಿಯ ಸೀಮಂತಕ್ಕೆ ಹೋಗಿ ಹೊಟ್ಟೆ ಬಿರಿಯುವಷ್ಟು ಒಬ್ಬಟ್ಟು ತಿಂದು ಬಂದೆ.

ಸೋಮವಾರ ಆಫೀಸಿನ ಬಾಗಿಲಲ್ಲೇ ವಯಸ್ಸಾದ ಹೆಂಗಸೊಬ್ಬರು ಕೂತಿದ್ದರು. ಅದೇ ಹಳ್ಳಿಯ ಮುನಿಯಮ್ಮ. ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀನೇನಾ ತಾಯಿ, ನಮ್ ದಾರಿ ನುಂಗಿದ್ದು?” ಎಂದರು.

ಅವರ ಹಿಪ್ಪುನೇರಳೆ ತೋಟ ಇನ್ನೊಬ್ಬರ ಜಮೀನಿನ ಹಿಂದಿದೆ. ಅಲ್ಲಿಗೆ ಹೋಗಲು ಎರಡು ಜಮೀನುಗಳ ನಡುವೆ ಹಿಂದಿನ ಕಾಲದಿಂದಲೂ ಒಂದು ಕಾಲುದಾರಿ. ಗೋಡೆಯ ಮೇಲಿನ ನಕ್ಷೆ ನೋಡಿದ ಪಕ್ಕದವರು, ದಾರಿಯೇ ಇಲ್ಲವಲ್ಲ ಎಂದು ಶನಿವಾರವೇ ಕಲ್ಲುಕಂಬ ನೆಟ್ಟು ತಂತಿ ಎಳೆದಿದ್ದರು.

“ಹುಳ ನಾಲ್ಕನೇ ಜ್ವರದಿಂದ ಎದ್ದವೆ ಕಣಮ್ಮ” ಎಂದರು ಮುನಿಯಮ್ಮ. ರೇಷ್ಮೆ ಹುಳು ಕೊನೆಯ ಸಲ ಪೊರೆ ಬಿಟ್ಟು ಏಳುವುದನ್ನು ನಮ್ಮ ಕಡೆ ಹಾಗನ್ನುತ್ತಾರೆ. ಆಮೇಲೆ ಅವಕ್ಕೆ ಹಸಿವೋ ಹಸಿವು. “ಕೆರೆ ಸುತ್ಕೊಂಡ್ ಸೊಪ್ಪು ಹೊತ್ಕೊಂಡ್ ಬರೋ ಹೊತ್ಗೆ ಅರ್ಧ ಸತ್ತೋಗ್ತವೆ. ಅಯ್ಯೋ ದೇವುಡಾ, ಗೂಡು ಎಲ್ಲಿಂದ ಬರ್ಬೇಕು?”

ಸ್ಕ್ಯಾನ್ ಮಾಡಿದ ನಕ್ಷೆಯನ್ನು ದೊಡ್ಡದು ಮಾಡಿ ನೋಡಿದೆ. ಹಳೆಯ ಕಾಗದ ಮಡಿಸಿದ ಗುರುತಿನ ಕೆಳಗೆ ಚುಕ್ಕಿಚುಕ್ಕಿಯ ಎರಡು ಗೆರೆ ಮಸುಕಾಗಿ ಕಂಡವು. ದಾರಿ ಇತ್ತು. ತಪ್ಪು ನನ್ನದೇ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಈಗಲೇ ಸರಿ ಮಾಡುತ್ತೇನೆಂದು ನನ್ನ ನಕ್ಷೆ ತೆರೆದೆ.

ಸಂದು ಆಗಲೇ ತೆರೆದಿತ್ತು.

ಯಾರು, ಯಾವಾಗ ಬದಲಾಯಿಸಿದರು ಎಂಬುದನ್ನು ಆ ಸಾಫ್ಟ್‌ವೇರ್ ಬರೆದಿಡುತ್ತದೆ. ನೋಡಿದರೆ ನನ್ನದೇ ಹೆಸರು, ಭಾನುವಾರ ಮಧ್ಯಾಹ್ನ. ಆ ಹೊತ್ತಿಗೆ ನಾನು ಗೌರಿಬಿದನೂರಿನಲ್ಲಿ ಸಾಲು ಎಲೆಗಳಿಗೆ ಉಪ್ಪಿನಕಾಯಿ ಬಡಿಸುತ್ತಿದ್ದೆ, ಫೋಟೋ ಇದೆ. ಹೊಸ ಪಾಸ್‌ವರ್ಡ್ ಯಾರಿಗೂ ಹೇಳಿರಲಿಲ್ಲ. ಆಫೀಸಿನ ಬೀಗದ ಕೈ ಆಫೀಸು ನಡೆಸುವ ಸರ್ ಹತ್ತಿರ ಇತ್ತು, ಭಾನುವಾರ ಅವರು ಊರಲ್ಲೇ ಇರಲಿಲ್ಲ. ಹೊರಗಿನಿಂದ ಯಾರೋ ಕಂಪ್ಯೂಟರಿಗೆ ನುಗ್ಗಿರಬಹುದು ಎನ್ನುತ್ತೀರಾ? ಅಂಥ ಸೌಲಭ್ಯವೆಲ್ಲ ನಮ್ಮಲ್ಲಿರಲಿಲ್ಲ, ಫ್ಯಾನೇ ನೆಟ್ಟಗೆ ತಿರುಗುತ್ತಿರಲಿಲ್ಲ. ರಘು ತನ್ನ ಕುರ್ಚಿಯನ್ನು ನನ್ನಿಂದ ಎರಡಡಿ ದೂರ ಎಳೆದುಕೊಂಡ.

ಇನ್ನೂ ಒಂದಿತ್ತು. ಹಳೆಯ ಕಾಗದದಲ್ಲಿ ದಾರಿ ನೆಟ್ಟಗಿದೆ, ಸ್ಕ್ರೀನಿನಲ್ಲಿ ಬಾಗಿದೆ. ಮುನಿಯಮ್ಮನ ತೋಟ ಯಾವುದೆಂದು ರಘು ತೋರಿಸಿದಾಗ ಅವರು ಆ ಬಾಗಿನ ಮೇಲೆ ಬೆರಳಿಟ್ಟರು.

“ಇಲ್ಲೊಂದು ಹೊಂಗೆ ಮರ ಇತ್ತಮ್ಮ, ಸುತ್ಕೊಂಡ್ ಹೋಗ್ತಿದ್ವಿ. ಮರ ಬಿದ್ದು ಎಷ್ಟೋ ವರ್ಷ ಆಯ್ತು. ಕಾಲು ಈಗ್ಲೂ ಸುತ್ಕೊಂಡೇ ಹೋಗ್ತವೆ.”

ನಾನು ಆ ಹಳ್ಳಿಯ ಮುಖ ನೋಡಿದವಳಲ್ಲ. “ಸರ್, ಬಾಗು ತೆಗೆದು ನೆಟ್ಟಗೆ ಮಾಡ್ಲಾ?” ಎಂದು ಕೇಳಿದೆ.

“ಏಯ್, ಮುಟ್ಬೇಡಮ್ಮ! ಇರೋ ಹಂಗೇ ಇರ್ಲಿ” ಎಂದು ಸರ್ ಬಾಗಿಲ ಹತ್ತಿರ ನಿಂತೇ ಕೂಗಿದರು.

ಹೊಸ ಪ್ರಿಂಟ್ ಹೊರಗೆ ಹೋಗಬೇಕಾದರೆ ಜೊತೆಗೆ ಒಂದು ತಿದ್ದುಪಡಿ ಫಾರಂ ಬೇಕು. ಅದರಲ್ಲಿ ಎರಡು ಕಾಲಂ: ತಪ್ಪು ಮಾಡಿದವರು, ಸರಿಪಡಿಸಿದವರು. ಮೊದಲನೆಯದರಲ್ಲಿ ಹೆಸರು ಬರೆದವರ ಗುತ್ತಿಗೆ ಮುಂದುವರಿಯುವುದು ಕಷ್ಟ ಎಂದು ಎಲ್ಲರಿಗೂ ಗೊತ್ತು. ಅಲ್ಲಿ ನನ್ನ ಹೆಸರು ಬರೆಯಲು ನನಗೆ ಅರೆಗಳಿಗೆಯೂ ಬೇಕಾಗಲಿಲ್ಲ. ಎರಡನೆಯದಕ್ಕೆ ಬಂದಾಗ ಪೆನ್ನು ನಿಂತುಹೋಯಿತು. ಸರ್ ಗೋಡೆ ನೋಡಿದರು. ರಘು ಚಪ್ಪಲಿ ನೋಡಿಕೊಂಡ.

“ಯಾರ್ದಾದ್ರೂ ಒಂದ್ ಹೆಸ್ರು ಹಾಕಮ್ಮ, ಹುಳ ಹಸ್ಕೊಂಡವೆ” ಎಂದರು ಮುನಿಯಮ್ಮ.

ಅಲ್ಲೂ ನನ್ನ ಹೆಸರನ್ನೇ ಬರೆದೆ. ಸಂಜೆಯೊಳಗೆ ಪಂಚಾಯಿತಿಯವರು ತಂತಿ ಬಿಚ್ಚಿಸಿದರಂತೆ, ಹುಳುಗಳು ಉಳಿದವು. ನನ್ನ ಗುತ್ತಿಗೆ ಉಳಿಯಲಿಲ್ಲ. ಅದು ಮೊದಲ ಕಾಲಂನ ಫಲ, ನ್ಯಾಯವೇ. ಎರಡನೆಯದನ್ನು ನೆನೆದರೆ ಮಾತ್ರ, ಬೇರೆ ಯಾರದೋ ಕೆಲಸಕ್ಕೆ ನನ್ನ ಹೆಸರು ಹಾಕಿಬಿಟ್ಟೆನಲ್ಲ ಎಂದು ಈಗಲೂ ಮುಜುಗರವಾಗುತ್ತದೆ. ಯಾರದು ಎಂದು ಮಾತ್ರ ಕೇಳಬೇಡಿ.