ಸುಣ್ಣದ ಮೈರ್ವೆನ್ ಮತ್ತು ಕಡಲಿಗೆ ಕಾಣಬೇಕಾದ ಕಲ್ಲು

ಸೂರ್ಯ ಇನ್ನೂ ಅರ್ ಐವಿಲ್ ಬೆಟ್ಟದ ಬೆನ್ನ ಹಿಂದೆಯೇ ಇದ್ದಾನೆ. ಪೋರ್ಥ್ ಹಾಲೆನ್ ಕೊಲ್ಲಿಯ ಮೇಲಿನ ಇಳಿಜಾರಿನಲ್ಲಿ ಮೈರ್ವೆನ್ ಪ್ರಿಚರ್ಡ್ ಆಳೆತ್ತರ ಮೀರಿದ ಕಲ್ಲೊಂದಕ್ಕೆ ಸ್ನಾನ ಮಾಡಿಸುತ್ತಿದ್ದಾರೆ. ರಾತ್ರಿ ಬಿದ್ದ ಕಡಲಹಕ್ಕಿಗಳ ಹಿಕ್ಕೆಗೆ ನೀರು ಎರಚುತ್ತಾರೆ, ಬ್ರಷ್ಷಿನಿಂದ ತಿಕ್ಕುತ್ತಾರೆ, ನಡುನಡುವೆ ಸೊಂಟ ಹಿಡಿದುಕೊಂಡು ನಿಲ್ಲುತ್ತಾರೆ.

"ಇವಕ್ಕೆ ಇಡೀ ಸೀಮೇಲಿ ಕೂರೋಕೆ ಬೇರೆ ಕಲ್ಲೇ ಸಿಗಲ್ಲ ನೋಡಿ," ಎಂದು ಗೊಣಗುತ್ತಾರೆ. "ನಾನು ಬಿಳಿ ಬಳಿಯೋದು, ಅವು ತಮ್ಮ ಪಾಲಿಂದು ಸೇರಿಸೋದು."

ಬಕೆಟ್ಟಿನಲ್ಲಿ ಹಾಲಿನಷ್ಟೇ ತೆಳ್ಳಗಿನ ಸುಣ್ಣವಿದೆ. ಸುಣ್ಣ ಕುದಿಯುವಾಗಲೇ ಒಂದು ಮುದ್ದೆ ಕುರಿಕೊಬ್ಬು ಹಾಕಿದ್ದಾರೆ, ಮಳೆಗೆ ತೊಳೆದು ಹೋಗದಿರಲಿ ಎಂದು. ಬಿಸಿಲು ಬಿದ್ದರೆ ಸುಣ್ಣ ಬೇಗ ಒಣಗಿ ಪುಡಿಪುಡಿಯಾಗಿ ಉದುರುತ್ತದೆ. ಅದಕ್ಕೇ ಈ ಕೆಲಸ ನಸುಕಿನಲ್ಲೇ ಆಗಬೇಕು. ದಿನಕ್ಕೊಂದೇ ಕೈ ಸುಣ್ಣ, ನಾಲ್ಕು ದಿನ ನಾಲ್ಕು ಕೈ. ಇವತ್ತು ಕೊನೆಯದು.

ಈ ಕಲ್ಲಿಗೆ ಕಡಲಿನಲ್ಲಿ ಕೆಲಸವಿದೆ. ಕೊಲ್ಲಿಯ ಬಾಯಲ್ಲಿ ನೀರೊಳಗೆ ಎರಡು ಬಂಡೆಸಾಲು ಹಲ್ಲು ಕಿರಿದು ಮಲಗಿವೆ. ದೋಣಿ ಅವುಗಳ ನಡುವೆ ನುಸುಳಬೇಕು. ಬೆಟ್ಟದ ಎರಡು ಶಿಖರಗಳ ನಡುವಿನ ತಗ್ಗಿನ ನೇರ ಕೆಳಗೆ ಈ ಬಿಳುಪು ಕಂಡರೆ ದಾರಿ ಸರಿ. ಮೈರ್ವೆನ್ ಅವರ ತಂದೆ ಬಳಿಯುತ್ತಿದ್ದರು, ಆಮೇಲೆ ತಾಯಿ, ಈಗ ಇವರು. ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದ ವರ್ಷಗಳಲ್ಲೂ ಒಂದು ವಸಂತವನ್ನೂ ತಪ್ಪಿಸಿಲ್ಲ. ಯಾರೂ ನೇಮಿಸಿದ್ದಲ್ಲ, ಯಾರೂ ಸಂಬಳ ಕೊಡುವುದಿಲ್ಲ. ಊರಲ್ಲಿ ಪ್ರಿಚರ್ಡ್‌ಗಳಿಗೆ ಬರವಿಲ್ಲವಾದ್ದರಿಂದ ಜನ ಇವರನ್ನು ಸುಣ್ಣದ ಮೈರ್ವೆನ್ ಎನ್ನುತ್ತಾರೆ. ಏಡಿ, ಸಿಗಡಿ ಹಿಡಿಯುವ ಎಮ್ರಿಸ್ ಹಾಗೆಯೇ ಏಡಿ ಎಮ್ರಿಸ್.

ಆ ಎಮ್ರಿಸ್ ಕಳೆದ ಅಕ್ಟೋಬರಿನಲ್ಲಿ ಬಂಡೆಗೆ ದೋಣಿ ಹೊಡೆದ. ಮೋಡ ಇಳಿದು ಬೆಟ್ಟ ಮುಚ್ಚಿತ್ತು, ತಗ್ಗು ಕಾಣಲಿಲ್ಲ. ದಡದಲ್ಲಿ ಒಂದು ಬಿಳುಪು ಕಂಡಿತು, ಅದನ್ನೇ ನಂಬಿ ನುಗ್ಗಿದ. ಅದು ಕಲ್ಲಾಗಿರಲಿಲ್ಲ. ಎರಡು ಹೊಲ ಆಚೆ ಮೈರ್ವೆನ್ ಅವರ ತಂಗಿ ನೆಸ್ಟಾ ಹೊಸದಾಗಿ ಸುಣ್ಣ ಹೊಡೆದಿದ್ದ ಕೊಟ್ಟಿಗೆಯ ಗೋಡೆ. ಬೇಸಿಗೆ ಪೂರ್ತಿ ಹಕ್ಕಿಗಳು ಕೂತು ಕಲ್ಲು ಮಾಸಿತ್ತು, ಗೋಡೆ ಥಳಥಳಿಸುತ್ತಿತ್ತು.

ಎಮ್ರಿಸ್ ಈಜಿ ದಡ ಸೇರಿದ. ದೋಣಿಯ ಹೊಟ್ಟೆ ಸೀಳಿತ್ತು. "ಫೋನಲ್ಲಿ ನಕ್ಷೆ ಇರಲಿಲ್ವಾ ಅಂತಾರೆ ಆಂಟಿ," ಎಂದು ಅವನು ಮೈರ್ವೆನ್ ಹತ್ತಿರ ಹೇಳಿದ್ದ. "ಒಂದು ಕೈಲಿ ಚುಕ್ಕಾಣಿ, ಇನ್ನೊಂದು ಕೈಲಿ ಬುಟ್ಟಿ ಹಗ್ಗ. ಫೋನ್ ಹಲ್ಲಲ್ಲಿ ಕಚ್ಕೊಂಡಿರ್ಲಾ?"

ಮೈರ್ವೆನ್ ನೇರ ತಂಗಿಯ ಬಾಗಿಲಿಗೆ ಹೋದರು. ಗೋಡೆಯ ಬಣ್ಣ ಬದಲಿಸು ಎಂದರು. "ಅಪ್ಪನ ಕೊಟ್ಟಿಗೆ ಕಣೇ. ಅವನಿದ್ದಾಗ ಹೇಗಿತ್ತೋ ಹಾಗೇ ಇರಲಿ ಅಂತ ಬಳಿದೆ. ಎಮ್ರಿಸ್‌ಗೆ ಕಲ್ಲಿಗೂ ಕೊಟ್ಟಿಗೆಗೂ ವ್ಯತ್ಯಾಸ ಗೊತ್ತಾಗದಿದ್ರೆ ಕನ್ನಡಕ ಹಾಕ್ಕೊಳ್ಲಿ," ಎಂದಳು ನೆಸ್ಟಾ. ಅಂದಿನಿಂದ ಅಕ್ಕತಂಗಿಯರ ನಡುವೆ ಮಾತಿಲ್ಲ. ಚಾಪೆಲ್ಲಿನಲ್ಲಿ ಒಂದೇ ಬೆಂಚು, ನಡುವೆ ಇಬ್ಬರ ಕೈಚೀಲ.

ಮೈರ್ವೆನ್ ಅವರನ್ನು ಕೊರೆಯುವುದು ತಂಗಿಯ ಹಟವಲ್ಲ. "ಆ ಗೋಡೆಗೆ ಸುಣ್ಣ ಕೊಟ್ಟವಳು ನಾನೇ," ಎನ್ನುತ್ತಾರೆ, ಬ್ರಷ್ ನಿಲ್ಲಿಸದೆ. "ಕಲ್ಲಿಗೆ ಬಳಿದು ಉಳಿದಿತ್ತು. ಚೆಲ್ಲೋಕೆ ಮನಸ್ಸು ಬರ್ಲಿಲ್ಲ. ನಮ್ಮ ಕಡೆಯವರಿಗೆ ಏನನ್ನೂ ಚೆಲ್ಲೋಕೆ ಬರಲ್ಲ ನೋಡಿ." ಚಳಿಗಾಲದುದ್ದಕ್ಕೂ ಗಾಳಿ ಎದ್ದಾಗಲೆಲ್ಲ ಅವರಿಗೆ ನಿದ್ದೆ ಬಂದಿಲ್ಲ.

ಈ ವಾರ ಸಿಗಡಿ ಹಿಡಿಯುವ ಬುಟ್ಟಿಗಳು ನೀರಿಗಿಳಿಯುತ್ತವೆ. ತೇಪೆ ಹಾಕಿದ ದೋಣಿಯಲ್ಲಿ ಎಮ್ರಿಸ್ ನಿನ್ನೆ ಹೊರಟವನು ಕೊಲ್ಲಿಯ ಬಾಯಿಂದಲೇ ವಾಪಸಾದ. ಇಂಜಿನ್ ಸರಿಯಿಲ್ಲ ಎಂದ. ಇಂಜಿನ್ ಸರಿಯಾಗಿಯೇ ಇದೆ ಎಂದು ಊರಿಗೆಲ್ಲ ಗೊತ್ತು. ದಡದಲ್ಲಿ ಎರಡು ಬಿಳುಪು ಇರುವವರೆಗೆ ಅವನ ಧೈರ್ಯ ಮರಳುವುದಿಲ್ಲ.

ಕಲ್ಲಿನ ನೆತ್ತಿಗೆ ತಾಗಿಸಲು ಮೈರ್ವೆನ್ ಬ್ರಷ್ ಕಟ್ಟಿದ ಕೋಲು ಎತ್ತುತ್ತಾರೆ. ಅಷ್ಟರಲ್ಲಿ ಬೇಲಿಯ ಬಾಗಿಲು ಕಿರ್ರೆನ್ನುತ್ತದೆ. ನೆಸ್ಟಾ. ಕೈಯಲ್ಲಿ ಖಾಲಿ ಬಕೆಟ್ಟು.

"ಸುಣ್ಣ ಉಳಿದಿದೆಯಾ?"

ಮೈರ್ವೆನ್ ಅವರ ಮುಖ ಬಿಗಿಯುತ್ತದೆ. "ಯಾಕೆ?"

"ಕುರಿಗೆ ಗುರುತು ಹಾಕೋ ಕೆಂಪು ಪುಡಿ ತಂದಿದ್ದೀನಿ, ಎರಡು ಡಬ್ಬ. ಸುಣ್ಣದಲ್ಲಿ ಕಲಸದಿದ್ರೆ ಗೋಡೆಗೆ ಹಿಡಿಯಲ್ಲ." ನೆಸ್ಟಾ ಕಡಲಿನ ಕಡೆ ನೋಡುತ್ತಾಳೆ. "ನಿನ್ನೆ ಕಿಟಕಿಯಿಂದ ನೋಡ್ತಿದ್ದೆ, ಅವನು ತಿರುಗಿ ಬಂದದ್ದನ್ನ. ಕೊಡ್ತೀಯೋ ಇಲ್ವೋ?"

ಮೈರ್ವೆನ್ ಕಲ್ಲಿನ ನೆತ್ತಿಗೆ ಬ್ರಷ್ ಎಳೆದು ಮುಗಿಸುತ್ತಾರೆ. ಉಳಿದದ್ದನ್ನೆಲ್ಲ ತಂಗಿಯ ಬಕೆಟ್ಟಿಗೆ ಸುರಿಯುತ್ತಾರೆ, ತಳಕ್ಕಂಟಿದ್ದನ್ನೂ ಬ್ರಷ್ಷಿನಿಂದ ಬಳಿದು ಹಾಕುತ್ತಾರೆ. ಆಮೇಲೆ, "ತೆಳ್ಳಗೆ ಹಚ್ಚು. ಗೋಡೆ ಮೊದಲು ನೆನೆಸು," ಎನ್ನುತ್ತಾರೆ.

"ನಂಗೆ ಗೊತ್ತು ಮಾರಾಯ್ತಿ. ನಾನೂ ಅದೇ ಅಪ್ಪನ ಮಗಳೇ."

ಬಿಸಿಲು ಹೊಲಕ್ಕಿಳಿಯುವ ಹೊತ್ತಿಗೆ ಕೊಟ್ಟಿಗೆಯ ಅರ್ಧ ಗೋಡೆ ಇಟ್ಟಿಗೆಯಂತೆ ಕೆಂಪಾಗಿದೆ. ಕೆಳಗೆ ದೋಣಿಯೊಂದರ ಇಂಜಿನ್ ಶುರುವಾಗಿದೆ. ಮೈರ್ವೆನ್ ಫ್ಲಾಸ್ಕಿನ ಚಹಾ ಬಗ್ಗಿಸಿಕೊಂಡು ಕಲ್ಲಿನ ನೆರಳಲ್ಲಿ ಕೂರುತ್ತಾರೆ. ಕಡಲಿನಿಂದ ಈ ಕಲ್ಲು ಹೇಗೆ ಕಾಣುತ್ತದೆ ಎಂದು ಕೇಳಿದರೆ ನಗುತ್ತಾರೆ. ಅವರು ಇಂದಿನವರೆಗೆ ದೋಣಿ ಹತ್ತಿಲ್ಲ. ಕಟ್ಟಿದ ದೋಣಿ ನೋಡಿದರೂ ಹೊಟ್ಟೆ ತೊಳೆಸುತ್ತದಂತೆ.

"ಆದ್ರೂ ಈ ಸಲ ಒಂದ್ಸಾರಿ ಎಮ್ರಿಸ್ ಜೊತೆ ಹೋಗ್ಬೇಕು ಅಂತಿದೆ," ಎನ್ನುತ್ತಾರೆ, ದೋಣಿಯ ಮೇಲಿಂದ ಕಣ್ಣು ತೆಗೆಯದೆ. "ನೆಸ್ಟಾನೂ ಬರ್ಲಿ. ನನ್ನ ಕಲ್ಲು ಕಾಣ್ಬೇಕು, ಅವಳ ಗೋಡೆ ಕಾಣ್ಬಾರ್ದು. ಎರಡೂ ಸರಿಯಾಗಿದೆ ಅಂತ ಅವಳ ಬಾಯಲ್ಲೇ ಕೇಳ್ಬೇಕು."