ಚಿತ್ರದೊಳಗೆ ಬಂದು ಕುಳಿತ ಹೆಸರು

ವಿವರಿಸಲಾಗದ ಸಂಗತಿಯೊಂದನ್ನು ಯಾರಾದರೂ ಹೇಳತೊಡಗಿದರೆ, ಅವರು ಸರಿಯಾಗಿ ಪರಿಶೀಲಿಸಿಲ್ಲವೆಂದೇ ನಾನು ತಿಳಿಯುತ್ತಿದ್ದೆ. ಎಷ್ಟೋ ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದ ನನಗೆ ಆಧಾರವಿಲ್ಲದ ಮಾತನ್ನು ಒಪ್ಪುವ ಅಭ್ಯಾಸವಿರಲಿಲ್ಲ. ಈಗಲೂ ಇಲ್ಲ. ಆದರೂ ಕೆಲವು ವರ್ಷಗಳ ಹಿಂದೆ ಬಸವೇಶ್ವರನಗರದ ಅಣ್ಣನ ಮನೆಯಲ್ಲಿ ನಡೆದುದನ್ನು ನಡೆದಂತೆಯೇ ನಿಮಗೆ ಹೇಳುತ್ತೇನೆ.

ಕೆಲಸ ಬಿಟ್ಟ ಮೇಲೆ, ನಮ್ಮ ಮನೆತನದ ಹಳೆಯ ಫೋಟೋಗಳನ್ನೆಲ್ಲ ಸ್ಕ್ಯಾನ್ ಮಾಡಿ ವಿಜಯನಗರದ ನನ್ನ ಮನೆಯ ಕಂಪ್ಯೂಟರಿನಲ್ಲಿ ಜೋಡಿಸುತ್ತಿದ್ದೆ. ಸ್ಕ್ಯಾನ್ ಮಾಡಿದ ದಿನವನ್ನೇ ಯಂತ್ರವು ಎಲ್ಲ ಚಿತ್ರಗಳಿಗೂ ದಿನಾಂಕವಾಗಿ ಹಾಕಿತ್ತು. "ನಿನ್ನ ಕಂಪ್ಯೂಟರ್ ಪ್ರಕಾರ ನಮ್ಮಜ್ಜಿ ಮದ್ವೆ, ನನ್ ಮದ್ವೆ ಎರಡೂ ಒಂದೇ ಖರ್ಚಲ್ಲಿ ಮುಗೀತು ಬಿಡು," ಎಂದು ಅಣ್ಣ ರೇಗಿಸುತ್ತಿದ್ದ. ಒಂದೊಂದನ್ನೂ ತಿದ್ದಿದೆ. ಚಿತ್ರದಲ್ಲಿರುವವರ ಹೆಸರುಗಳನ್ನು ಟ್ಯಾಗ್‌ಗಳಾಗಿ ಬರೆದು, ಬೇರೆ ಕಂಪ್ಯೂಟರಿಗೆ ಹೋದರೂ ಅಳಿಯದಂತೆ ಆಯಾ ಫೈಲಿನೊಳಗೇ ಉಳಿಸಿದೆ.

ಅತ್ತಿಗೆಯ ಚಿಂತೆ ಒಂದೇ ಚಿತ್ರದ ಬಗ್ಗೆ. ಅವರ ಚೊಚ್ಚಲ ಹೆಣ್ಣುಮಗು ಕೆಲವೇ ತಿಂಗಳು ಬದುಕಿತ್ತು. ರಾಜಾಜಿನಗರದ ಸ್ಟುಡಿಯೋದಲ್ಲಿ ತೆಗೆಸಿದ ಆ ಫೋಟೋದ ಹೊರತು ಅದರ ಗುರುತೇನೂ ಉಳಿದಿರಲಿಲ್ಲ. ಮನೆಯಲ್ಲಿ ಅದರ ಮಾತನ್ನೂ ಯಾರೂ ಎತ್ತುತ್ತಿರಲಿಲ್ಲ. "ನಾವೆಲ್ಲ ಹೋದ್ಮೇಲೆ ಯಾರದೋ ಮಗು ಅಂತ ಆಗ್ಬಾರ್ದು ಕಣೇ," ಎಂದಿದ್ದರು. ದಿನಾಂಕವನ್ನು ಅವರೇ ಹೇಳಿದರು. ನಾಮಕರಣದಲ್ಲಿ ಇಟ್ಟದ್ದು ನಮ್ಮ ಅಮ್ಮನ ಹೆಸರು, ಸಾವಿತ್ರಿ, ಅದನ್ನೇ ಬರೆದೆ. ಅತ್ತೆಯ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳಬಾರದೆಂಬ ಪದ್ಧತಿ ನಮ್ಮಲ್ಲಿತ್ತು. ಹಾಗಾದರೆ ಅತ್ತಿಗೆ ಮಗುವನ್ನು ಏನೆಂದು ಕರೆಯುತ್ತಿದ್ದರೆಂದು ನಾನು ಎಂದೂ ಯೋಚಿಸಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಎಲ್ಲವನ್ನೂ ಪೆನ್‌ಡ್ರೈವಿಗೆ ತುಂಬಿಕೊಂಡು ಅಣ್ಣನ ಮನೆಗೆ ಹೋಗಿ ಅವರ ಲ್ಯಾಪ್‌ಟಾಪಿನಲ್ಲಿ ತೆರೆದೆ. ಮಗುವಿನ ಚಿತ್ರದ ಕೆಳಗೆ ಎರಡು ಟ್ಯಾಗ್‌ಗಳಿದ್ದವು: ಸಾವಿತ್ರಿ, ಬುಗುರಿ. ಎರಡನೆಯದನ್ನು ನಾನು ಬರೆದಿರಲಿಲ್ಲ. ಅಳಿಸಲು ಹೋದೆ, ಅತ್ತಿಗೆ ನನ್ನ ಮಣಿಕಟ್ಟು ಹಿಡಿದರು.

"ಇದನ್ನ ನಿಂಗ್ಯಾರು ಹೇಳಿದ್ದು?"

ಯಾರೂ ಹೇಳಿಲ್ಲವೆಂದೆ. ಸುತ್ತ ಯಾರೂ ಇಲ್ಲದಾಗ ಮಗುವಿನ ಕಿವಿಯಲ್ಲಿ ಮಾತ್ರ ಹಾಗೆ ಕರೆಯುತ್ತಿದ್ದುದಾಗಿಯೂ, ಬೇರೆಯವರ ಮುಂದೆ ಆ ಹೆಸರನ್ನು ಎಂದೂ ಎತ್ತಿಲ್ಲವೆಂದೂ ಅವರು ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು. ಅಣ್ಣ ಯಾವಾಗಲೋ ಬಾಗಿಲಿಗೆ ಬಂದು ನಿಂತಿದ್ದ.

"ಬುಗುರಿ ಅಂತಿದ್ಯಾ? ನಂಗೆ ಒಂದಿನಾನೂ ಹೇಳ್ಲಿಲ್ಲ."

"ನೀವು ಕೇಳ್ಲಿಲ್ಲ."

ಮನೆಗೆ ಮರಳಿದವಳೇ ಪರಿಶೀಲಿಸಿದೆ. ನನ್ನ ಕಂಪ್ಯೂಟರಿನ ಮೂಲ ಚಿತ್ರದಲ್ಲೂ ಆ ಹೆಸರಿತ್ತು. ಒಂದು ಚಿತ್ರದ ಟ್ಯಾಗ್ ಇನ್ನೊಂದಕ್ಕೆ ಜಾರುವುದುಂಟೆಂದು ತಿಳಿದವರೊಬ್ಬರು ಹೇಳಿದರು. ಸಂಗ್ರಹವನ್ನೆಲ್ಲ ಹುಡುಕಿದೆ, ಬೇರೆಲ್ಲೂ ಆ ಪದವಿಲ್ಲ. ಒಂಟಿಯಾಗಿರುವ ನನ್ನ ಮನೆಯಲ್ಲಿ ಆ ಕಂಪ್ಯೂಟರನ್ನು ಮುಟ್ಟುವವರೂ ಇಲ್ಲ. ನಾನೇ ಅರಿವಿಲ್ಲದೆ ಬರೆದೆನೆಂದುಕೊಂಡರೂ, ನನಗೆ ಗೊತ್ತಿಲ್ಲದ ಹೆಸರನ್ನು ನಾನು ಬರೆದದ್ದು ಹೇಗೆ?

ಆ ಮಧ್ಯಾಹ್ನದ ಕೊನೆಯನ್ನು ಮಾತ್ರ ಮರೆಯಲಾರೆ. ಅಣ್ಣ ಲ್ಯಾಪ್‌ಟಾಪಿನ ಮುಂದೆ ಅತ್ತಿಗೆಯ ಪಕ್ಕದಲ್ಲಿ ಕುಳಿತು, ನಿದ್ದೆಯಲ್ಲಿರುವ ಮಗುವನ್ನು ಕರೆಯುವಷ್ಟು ಮೆಲ್ಲಗೆ, ಆ ಹೆಸರನ್ನು ಒಮ್ಮೆ ಕರೆದ. ಅತ್ತಿಗೆ, "ಹಾಗಲ್ಲ, ಇನ್ನೂ ಸಣ್ಣಕ್ಕೆ," ಎಂದರು. ಅವನು ಮತ್ತೆ ಕರೆದ.