ಲೋಬಾನಕ್ಕೆ ರಬ್ಬರ್ ಕತ್ತಿ

ಗಾಯವಾದಾಗ ಲೋಬಾನದ ಮರ ಅಂಟು ಸುರಿಸುತ್ತದೆ. ನಾವು ಧೂಪಕ್ಕೆ ಹಾಕುವ ಆ ಅಂಟು ಗಟ್ಟಿಯಾಗಿ ಗಾಯವನ್ನು ಮುಚ್ಚುತ್ತದೆ. ಹುಳ, ಬೂಷ್ಟು ಒಳಹೋಗದಂತೆ ತಡೆಯುತ್ತದೆ. ಮನುಷ್ಯನ ಕೆಮ್ಮು, ಮಂಡಿನೋವುಗಳನ್ನು ಅದು ಗುಣಪಡಿಸುತ್ತದೆ ಎಂಬುದಕ್ಕೆ ಪುರಾವೆ ಇನ್ನೂ ತೆಳುವಾಗಿದೆ. ತನ್ನ ಗಾಯವನ್ನಂತೂ ಮರ ವಾಸಿಮಾಡಿಕೊಳ್ಳುತ್ತದೆ, ಯಾರೂ ಕೈ ಹಾಕದಿದ್ದರೆ.

ಉಮ್ಮರ್ ಕುಂಞಿ ಕೈ ಹಾಕಿದ್ದು ಬೇರೆ ದಾರಿ ಕಾಣದೆ. ಕುವೈತಿನ ದಕ್ಷಿಣದಂಚಿನ ವಫ್ರಾದಲ್ಲಿ ಅವನು ತನ್ನ ಕಫೀಲನ, ಎಂದರೆ ವೀಸಾ ಕೊಟ್ಟು ಕರೆಸಿಕೊಂಡ ಅರಬಿ ಧಣಿಯ, ತೋಟ ನೋಡಿಕೊಳ್ಳುತ್ತಿದ್ದ. ಒಮಾನಿನ ಗುಡ್ಡಗಳಿಂದ ತರಿಸಿದ ಲೋಬಾನದ ಸಸಿಗಳನ್ನು ಬೇಸಿಗೆಯಲ್ಲಿ ಬಲೆಯ ನೆರಳು ಕೊಟ್ಟು, ಚಳಿಗೆ ಗೋಣಿ ಸುತ್ತಿ, ತೊಡೆಗಾತ್ರದ ಮರಗಳಾಗಿ ಬೆಳೆಸಿದ್ದ. ಈ ವರ್ಷ ಕಫೀಲ್ ಮಾತು ಬದಲಿಸಿದ. ಅಕ್ಕಪಕ್ಕದ ತೋಟಗಳೆಲ್ಲ ವಾರಾಂತ್ಯದ ಬಾಡಿಗೆ ಮನೆಗಳಾಗಿವೆ. ಬಕ್ರೀದಿನೊಳಗೆ ಲೋಬಾನ ಮಾರಾಟವಾಗದಿದ್ದರೆ ಮರಗಳನ್ನು ಕಿತ್ತು ಈಜುಕೊಳ ಕಟ್ಟಿಸುತ್ತೇನೆ ಎಂದ. ತೋಟವಿಲ್ಲದಿದ್ದರೆ ಉಮ್ಮರನಿಗೆ ದೇಶದಲ್ಲಿ ಉಳಿಯಲು ಬೇಕಾದ ಇಕಾಮಾವೂ ಇಲ್ಲ.

ಕುವೈತ್ ನಗರದ ಮುಬಾರಕಿಯಾ ಮಾರುಕಟ್ಟೆಯಲ್ಲಿ ಅತ್ತರಿನ ಅಂಗಡಿ ನಡೆಸುವ ಊರಿನವನೇ ಆದ ನಿಸಾರ್, ಮೊದಲ ಕೆತ್ತಿನ ಮಬ್ಬು ಹರಳನ್ನು ಬೆಳಕಿಗೆ ಹಿಡಿದ.

“ಉಮ್ಮರಾಕ, ಇದು ಹೊಗೆ ಹಾಕ್ಲಿಕ್ಕೆ ಆದೀತು. ನೀರಲ್ಲಿ ನೆನೆಸಿ ಕುಡಿಯುವವರು ಮುಟ್ಲಿಕ್ಕಿಲ್ಲ. ಅವರಿಗೆ ಗಾಜಿನ ಹಾಗೆ ಬೇಕು.”

“ಎರಡು ವಾರ ಮರವನ್ನು ಮುಟ್ಟದೆ ಬಿಡ್ಬೇಕಂತೆ. ಆಮೇಲಿನದ್ದು ಒಳ್ಳೇದು ಬರ್ತದಂತೆ. ಸಸಿ ತಂದ ಒಮಾನಿ ಹೇಳಿದ್ದು.”

“ನಿಮ್ಮ ಕಫೀಲ್ ಅಷ್ಟು ಕಾಯ್ತಾನಾ? ಕಡಬದಲ್ಲಿ ಎಂಥ ರಬ್ಬರ್ ಮರವೂ ನಿಮ್ಮ ಕೈಗೆ ಹಾಲು ಕೊಡ್ತಿತ್ತು. ಇದೆಂಥ ದೊಡ್ಡ ಸುಲ್ತಾನನ ಮಗನಾ?”

ನಿಸಾರ್ ತಮಾಷೆಗೆ ಅಂದದ್ದು. ಉಮ್ಮರ್ ಅದನ್ನೇ ತಲೆಯಲ್ಲಿಟ್ಟುಕೊಂಡು ತೋಟಕ್ಕೆ ಮರಳಿದ.

ಯೌವನದಲ್ಲಿ ಅವನು ಕಡಬದ ರಬ್ಬರ್ ತೋಟಗಳಲ್ಲಿ ಟ್ಯಾಪಿಂಗ್ ಮಾಡಿದವನು. ಅಲ್ಲಿ ಬೆಳಗಿನ ಮೊದಲ ಕೆಲಸವೆಂದರೆ ಹಿಂದಿನ ಗೀರಿನ ಮೇಲೆ ಒಣಗಿದ ಅಂಟುಪಟ್ಟಿಯನ್ನು ಎಳೆದು ತೆಗೆಯುವುದು; ಅದೇ ಗೀರನ್ನು ಮತ್ತೆ ತೆಳುವಾಗಿ ಕೆತ್ತಿದರೆ ಹಾಲು ಓಡುತ್ತದೆ. ವಫ್ರಾದಲ್ಲೂ ಕೈ ಅದನ್ನೇ ಮಾಡಿತು. ಓರೆ ಗೀರು, ಕೆಳಗೆ ಬಟ್ಟಲು. ಬೆಳಗಾದರೆ ಒಣಗಿದ ಪೊರೆಯನ್ನು ಕಿತ್ತು ಹೊಸ ಕೆತ್ತು. ಹಾಲು ಬಂತು, ಗಾಜಿನಂತೆ ಗಟ್ಟಿಯಾಯಿತು. ರಬ್ಬರಿನಲ್ಲಿ ಕಿತ್ತರೂ ನಡೆಯುವ ಆ ಪೊರೆಯೇ ಇಲ್ಲಿ ಮರಕ್ಕಿದ್ದ ರಕ್ಷಣೆ ಎಂಬುದು ಪಳಗಿದ ಕೈಗೆ ತಿಳಿಯಲಿಲ್ಲ.

ನಿಸಾರ್ ಮಾಲನ್ನು ಸುಲಭವಾಗಿ ಮಾರಿದ. ಹಿಗ್ಗಿದ ಕಫೀಲ್, ಮರಗಳನ್ನು ತೋರಿಸಲು ಗೆಳೆಯರನ್ನು ಶುಕ್ರವಾರ ತೋಟಕ್ಕೆ ಕರೆದ. ಅಷ್ಟರಲ್ಲಿ ಎಲೆಗಳು ಉದುರಿದ್ದವು. ಗೀರುಗಳ ಅಂಚಿನಲ್ಲಿ ಕೊರಕ ಹುಳಗಳು ಮರದ ಹುಡಿ ಚೆಲ್ಲಿದ್ದವು. ಉಮ್ಮರ್ ಮಣ್ಣು ಕಲಸಿ ಗಾಯಗಳಿಗೆ ಮೆತ್ತಿದ. ನೀರು ಹೆಚ್ಚಿಸಿದ; ಬೇರು ಕೊಳೆತೀತೆಂದು ನಿಲ್ಲಿಸಿದ. ಮರಮರವನ್ನೂ ಉಗುರಿನಿಂದ ಕೆರೆದು ಹಸಿರು ಹುಡುಕಿದ. ಎಲ್ಲೆಡೆ ಕಂದು ಬಣ್ಣವೇ ಇತ್ತು.

ಶುಕ್ರವಾರ ಬಂದ ಕಫೀಲ್ ಗೆಳೆಯರೆದುರು ಅವನ ಭುಜ ತಟ್ಟಿ ಅರಬಿಯಲ್ಲಿ ಕೇಳಿದ: “ಇವು ಯಾವಾಗ ಚಿಗುರುತ್ತವೆ?”

ಇನ್‌ಶಾ ಅಲ್ಲಾ ಎಂದಿದ್ದರೆ ಕೆಲವು ವಾರಗಳಾದರೂ ದಕ್ಕುತ್ತಿದ್ದವು. ಉಮ್ಮರ್ ಒಂದು ರೆಂಬೆಯನ್ನು ಬಗ್ಗಿಸಿದ. ಅದು ಬಾಗದೆ ಮುರಿಯಿತು.

“ಖಲಾಸ್, ಬಾಬಾ. ನಾನೇ ಕೊಂದೆ.”

ಕಫೀಲ್ ಮುರಿದ ತುಂಡನ್ನು ಮೂಸಿ ಕೆಳಗೆ ಹಾಕಿದ. ಬೈಯಲಿಲ್ಲ. “ಯಲ್ಲಾ, ಚಹಾ ಆರುತ್ತದೆ,” ಎಂದು ಗೆಳೆಯರನ್ನು ಕರೆದೊಯ್ದ. ಅವರಲ್ಲೊಬ್ಬ ಹಿಂದೆ ಉಳಿದು, ಈಜುಕೊಳ ಎಲ್ಲಿಯವರೆಗೆ ಬರಬಹುದೆಂದು ಮರಗಳ ನಡುವೆ ಹೆಜ್ಜೆಯಿಂದ ಅಳೆಯತೊಡಗಿದ.

ಉಮ್ಮರ್ ಮಣ್ಣಿನ ಬಕೆಟ್ಟನ್ನು ಸರಿಸಿ ಅವನಿಗೆ ದಾರಿ ಬಿಟ್ಟ. ಬಳಿಕ, ಗಾಯಕ್ಕೆ ಮಣ್ಣು ಮೆತ್ತದೆ ಉಳಿದಿದ್ದ ಒಂದು ಮರದ ಬುಡದಲ್ಲಿ ಕುಳಿತು ಮತ್ತೆ ಮಣ್ಣು ಕಲಸಿದ.